ಎಂಜಿನ್ ಬದಲಿಸುವ ಮುನ್ನ, ಹಳೇ ಎಂಜಿನ್ ಯಾಕೆ ಸತ್ತಿತು ಅಂತ ಕೇಳಿ

ಈ ವಾರ ಜೀವಾಮೃತ, ಮುಚ್ಚಿಗೆ, ಎರೆಗೊಬ್ಬರ ಯಾವುದೂ ಇಲ್ಲ. ಈ ವಾರ ಗಾಡಿ ವಿಷಯ.

ಹೋದ ವಾರ ಒಬ್ಬ ಹುಡುಗ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ. 'ಅಣ್ಣಾ, ಅಪ್ಪನ ಹಳೇ ಜೀಪು ಶೆಡ್ಡಲ್ಲಿ ನಿಂತಿದೆ. ಎಂಜಿನ್ ಹೋಗಿದೆ ಅಂತಾರೆ. ಬೇರೆ ಗಾಡಿದು ದೊಡ್ಡ ಎಂಜಿನ್ ಕೂರಿಸಿದ್ರೆ ತರಕಾರಿ ಸಾಗ್ಸಕ್ಕೆ ಆಗುತ್ತೆ. ರೀಲ್ಸಲ್ಲಿ ನೋಡ್ದೆ, ಎರಡು ದಿನದ ಕೆಲ್ಸ ಅಷ್ಟೇ ಅಂತೆ. ಏನಂತೀರ?'

ಅವನಿಗೆ ಎರಡು ಸಾಲಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇದೇ ತಪ್ಪನ್ನು ನಾನೇ ಮಾಡಿ 77,500 ರೂಪಾಯಿ ಕಳ್ಕೊಂಡವನು. ಹಾಗಾಗಿ ಪೂರ್ತಿ ಬರೆಯೋಣ ಅನ್ನಿಸಿತು. ನಾನು ತೋಟಗಾರಿಕೆ ಓದಿದವನು, ಮೆಕ್ಯಾನಿಕ್ ಅಲ್ಲ. ಇಲ್ಲಿ ಹೇಳೋದು ಗಾಡಿ ಇಟ್ಕೊಂಡು ಬದುಕೋ ಒಬ್ಬ ರೈತನ ಅಭಿಪ್ರಾಯ ಅಂತ ಓದಿ.

ನನ್ನ ಕತೆ

ನಮ್ಮದು ಚಿಕ್ಕನಾಯಕನಹಳ್ಳಿ ಕಡೆ. ತೆಂಗು, ಮಧ್ಯೆ ಬಾಳೆ, ಒಂದೂವರೆ ಎಕರೆ ಸಾವಯವ ತರಕಾರಿ. ವಾರಕ್ಕೆರಡು ಸಲ ತುಮಕೂರಿನ ಗಿರಾಕಿಗಳ ಮನೆಗೆ ತರಕಾರಿ ಹೋಗಬೇಕು. ಅದಕ್ಕೆ ಇದ್ದದ್ದು ಅಪ್ಪ ತಗೊಂಡಿದ್ದ ಹಳೇ ಡೀಸೆಲ್ ಜೀಪು. ಯಾವ ಕಂಪನಿದು ಅಂತ ಕೇಳಬೇಡಿ, ತಪ್ಪು ಕಂಪನಿದಲ್ಲ.

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು. ಬೆಳಗಿನ ಜಾವ ನಾಲ್ಕು ಗಂಟೆಗೆ ಸೊಪ್ಪು, ಟೊಮೆಟೊ, ಬೀನ್ಸ್ ತುಂಬ್ಕೊಂಡು ಹೊರಟೆ. ಕೆ.ಬಿ. ಕ್ರಾಸ್ ದಾಟಿ ಗುಬ್ಬಿ ಕಡೆ ಹೋಗ್ತಾ ಗಾಡಿ ಎಳೆಯೋದು ಕಮ್ಮಿ ಆಯ್ತು. ಆಕ್ಸಲರೇಟರ್ ಒತ್ತಿದೆ. ಇನ್ನೂ ಕಮ್ಮಿ ಆಯ್ತು. ಮತ್ತೆ ಒತ್ತಿದೆ. ಕರಕರ ಅಂತ ಸದ್ದು ಬಂತು, ಗಾಡಿ ನಿಂತೇ ಹೋಯ್ತು. ಬಾನೆಟ್ ಎತ್ತಿದ್ರೆ ಹೊಗೆ ಅಲ್ಲ, ಆವಿ. ಟೆಂಪರೇಚರ್ ಮುಳ್ಳು ಎರಡು ವರ್ಷದಿಂದ ಕೆಲಸ ಮಾಡ್ತಿರಲಿಲ್ಲ. 'ಮುಳ್ಳು ಇಲ್ದಿದ್ರೆ ಗಾಡಿ ಓಡಲ್ವಾ' ಅಂತ ಸುಮ್ಮನಿದ್ದೆ.

ಟೋಯಿಂಗ್ ಗಾಡಿ ಬರೋ ಹೊತ್ತಿಗೆ ಹನ್ನೊಂದು ಗಂಟೆ. ಸೊಪ್ಪೆಲ್ಲಾ ಬಾಡಿತ್ತು. ಅವತ್ತು ತರಕಾರಿ ಸಿಗದ ಮನೆಗಳಲ್ಲಿ ಆರು ಮನೆಯವರು ಮುಂದಿನ ವಾರದಿಂದ ಬೇಡ ಅಂದ್ರು. ಅವರ ತಪ್ಪೇನಿಲ್ಲ. ಅವರ ಮನೆಯಲ್ಲೂ ಅಡುಗೆ ಆಗಬೇಕಲ್ಲ.

ಪಿಸ್ಟನ್ ಹಿಡ್ಕೊಂಡಿತ್ತು. ಎಂಜಿನ್ 'ಸೀಜ್' ಆಗಿದೆ ಅಂತಾರಲ್ಲ, ಅದೇ. ನಮ್ಮೂರ ಮೆಕ್ಯಾನಿಕ್ ಇಪ್ಪತ್ತು ದಿನ ಕೊಡಪ್ಪ, ಬಿಚ್ಚಿ ನೋಡಿ ಹೇಳ್ತೀನಿ ಅಂದ್ರು. ನನಗೆ ಇಪ್ಪತ್ತು ದಿನ ಕಾಯೋ ತಾಳ್ಮೆ ಇರಲಿಲ್ಲ. ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಅದೇ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಎಂಜಿನ್ ಸಿಕ್ತು. ಎಂಜಿನ್‌ಗೆ 55,000, ಕೂರಿಸೋಕೆ 18,000, ಗಾಡಿ ಎಳೆಸಿದ್ದಕ್ಕೆ 4,500. ಹಳೇ ಎಂಜಿನ್ ಗುಜರಿಗೇ ಹೋಯ್ತು. ನಾಲ್ಕೇ ದಿನಕ್ಕೆ ಗಾಡಿ ರೋಡಿಗೆ ಬಂತು. ನಾನೇ ಬುದ್ಧಿವಂತ ಅಂದ್ಕೊಂಡೆ.

ಐದು ತಿಂಗಳಾಯ್ತು. ಹೊಸದಾಗಿ ಕೂರಿಸಿದ ಎಂಜಿನ್ನೂ ಬಿಸಿಯಾಯ್ತು. ಪುಣ್ಯಕ್ಕೆ ಊರ ಹತ್ತಿರಾನೇ ಇದ್ದೆ, ವಾಸನೆ ಗೊತ್ತಾಗಿ ತಕ್ಷಣ ನಿಲ್ಲಿಸಿದೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಷ್ಟರಲ್ಲೇ ಬಚಾವು. ಈ ಸಲ ಮೆಕ್ಯಾನಿಕ್ ಎಂಜಿನ್ ಮುಟ್ಟೋ ಮೊದಲು ರೇಡಿಯೇಟರ್ ಬಿಚ್ಚಿದರು. ಒಳಗಿನ ಕೊಳವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳ್ಳಗೆ ಕಟ್ಟಿಕೊಂಡು ಮುಚ್ಚಿಹೋಗಿದ್ದವು.

ಅಪ್ಪ ಪಕ್ಕದಲ್ಲೇ ನಿಂತಿದ್ರು. ಜಾಸ್ತಿ ಮಾತಾಡೋರಲ್ಲ. 'ಅಣಬೆ ರೋಗದಲ್ಲಿ ಸತ್ತ ತೆಂಗಿನ ಗುಂಡಿಗೇ ಸಸಿ ಇಟ್ಟಂಗಾಯ್ತಲ್ಲಪ್ಪ' ಅಂದ್ರು.

ತೆಂಗಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಣಬೆ ರೋಗದ ಶಿಲೀಂಧ್ರ ಹಳೇ ಬುಡ, ಬೇರಲ್ಲೇ ಉಳಿದಿರುತ್ತೆ. ಬುಡ ಅಗೆದು, ಬೇರು ತೆಗೆದು ಸುಡದೆ ಅಲ್ಲೇ ಸಸಿ ನೆಟ್ಟರೆ ಅದೂ ಒಂದು ದಿನ ಸಾಯುತ್ತೆ. ಇದನ್ನು ನಾಲ್ಕು ವರ್ಷ ಕಾಲೇಜಲ್ಲಿ ಓದಿದವನು ನಾನು. ಗಾಡಿ ವಿಷಯಕ್ಕೆ ಬಂದಾಗ ಮಾತ್ರ ತಲೆಗೆ ಬರಲಿಲ್ಲ.

ಎಂಜಿನ್ ತಾನಾಗೇ ಸಾಯೋದು ಅಪರೂಪ

ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಎಂಜಿನ್ ವಯಸ್ಸಾಗಿ ಸಾಯೋದಕ್ಕಿಂತ ನಾವು ಸಾಯಿಸೋದೇ ಜಾಸ್ತಿ. ಸಾಯಿಸೋದು ನೀರು, ದೂಳು, ಆಯಿಲ್ ಮತ್ತೆ ಡೀಸೆಲ್ ವಿಷಯದಲ್ಲಿ. ಈ ನಾಲ್ಕನ್ನು ಸರಿ ಮಾಡದೆ ಎಂಜಿನ್ ಬದಲಿಸಿದರೆ ಹೊಸ ಎಂಜಿನ್ನಿಗೂ ಅದೇ ಗತಿ.

ಮೊದಲು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಡ್ರಿಪ್ ಪೈಪಿನ ತೂತುಗಳಲ್ಲಿ ಬಿಳಿ ಪುಡಿ ಕಟ್ಟೋದು ನೋಡಿರ್ತೀರಿ. ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೈಕಾರ್ಬೊನೇಟ್‌ಗಳು ಕಾರ್ಬೊನೇಟ್ ಆಗಿ ಕೂರೋದರಿಂದ ಅದು ಬರುತ್ತೆ. ನೀರು ಬಿಸಿಯಾದಷ್ಟೂ ಇದು ಬೇಗ. ಅದೇ ನೀರನ್ನು ರೇಡಿಯೇಟರ್‌ಗೆ ಹಾಕಿ ದಿನಾ ಕಾಯಿಸಿದರೆ ಏನಾಗುತ್ತೆ? ಆ ಬಿಳಿ ಪದರ ಶಾಖವನ್ನು ಸರಿಯಾಗಿ ಬಿಟ್ಟುಕೊಡಲ್ಲ, ಕೊಳವೇನೂ ಮುಚ್ಚುತ್ತೆ. ಡ್ರಿಪ್‌ಗೆ ಆಸಿಡ್ ಬಿಟ್ಟು ತೊಳೆಯೋ ನಾನು, ಹತ್ತು ವರ್ಷ ರೇಡಿಯೇಟರ್ ಕಡೆ ತಿರುಗಿ ನೋಡಿರಲಿಲ್ಲ. ಹಾಗಂತ ಆ ಆಸಿಡ್ ತಗೊಂಡು ಹೋಗಿ ರೇಡಿಯೇಟರ್‌ಗೆ ಸುರಿಯಬೇಡಿ, ಲೋಹ ತಿಂದುಬಿಡುತ್ತೆ. ರೇಡಿಯೇಟರ್ ಕೆಲಸದವರ ಹತ್ತಿರಾನೇ ಬಿಚ್ಚಿಸಿ ಕ್ಲೀನ್ ಮಾಡಿಸಿ. ಆಮೇಲೆ ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ಮಾತ್ರ ಹಾಕಿ.

ಇನ್ನೊಂದು ಕೆಟ್ಟ ಪದ್ಧತಿ ಇದೆ. 'ನಮ್ಮ ಬಿಸಿಲಿಗೆ ಬೇಡ' ಅಂತ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಕೋದು. ಅದು ಇಲ್ಲದಿದ್ರೆ ಎಂಜಿನ್ ಬೇಕಾದ ಬಿಸಿಗೆ ಬರೋದು ತಡ ಆಗುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತ ಹೆಚ್ಚುತ್ತೆ. ಕೆಲವು ಎಂಜಿನ್‌ಗಳಲ್ಲಂತೂ ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸಲ್ಲೇ ಸುತ್ತಿ ಇನ್ನೂ ಬಿಸಿಯಾಗುತ್ತೆ. ರೇಡಿಯೇಟರ್ ಮುಚ್ಚಳವೂ ಬರೀ ಮುಚ್ಚಳ ಅಲ್ಲ. ಒಳಗೆ ಒತ್ತಡ ಹಿಡಿದಿಟ್ಟು ನೀರು ಕುದಿಯೋ ಮಟ್ಟವನ್ನು 100 ಡಿಗ್ರಿಗಿಂತ ಮೇಲಕ್ಕೆ ಏರಿಸೋದೇ ಅದರ ಕೆಲಸ. ಅದರ ರಬ್ಬರ್ ಹೋದರೆ ಹೊಸದು ಹಾಕಿ, ಬಟ್ಟೆ ಸುತ್ತಿ ತಿರುಗಿಸಬೇಡಿ.

ಎರಡನೇದು ದೂಳು. ಉಳುಮೆ, ಮಣ್ಣು ರಸ್ತೆ, ರಾಗಿ ಒಕ್ಕಣೆ, ಎಲ್ಲಾ ಕಡೆ ದೂಳು. ಅದರಲ್ಲಿ ಮರಳಿನ ಅಂಶ ಇರುತ್ತೆ. ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಲೈನರ್, ರಿಂಗ್ ಎರಡನ್ನೂ ಉಪ್ಪು ಕಾಗದದ ಹಾಗೆ ಉಜ್ಜುತ್ತೆ. ಹಳೇ ಜೀಪು, ಟ್ರ್ಯಾಕ್ಟರ್‌ಗಳಲ್ಲಿ ಆಯಿಲ್ ಬಟ್ಟಲು ಇರೋ ಫಿಲ್ಟರ್ ಇದ್ದರೆ ಆ ಬಟ್ಟಲಿನ ತಳದಲ್ಲಿ ಎಷ್ಟು ಕೆಸರು ಕೂತಿದೆ ಅಂತ ಇವತ್ತೇ ಬಿಚ್ಚಿ ನೋಡಿ.

ಮೂರನೇದು ಆಯಿಲ್. 'ಕಪ್ಪಾಗಿದೆ, ಬದಲಿಸು' ಅಂತಾರೆ. ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗೋದು ಸಹಜ, ಮಸಿ ಸೇರುತ್ತೆ. ಬಣ್ಣ ನೋಡಬೇಡಿ, ಕಿಲೋಮೀಟರ್ ನೋಡಿ. ಗಾಡಿ ಜೊತೆ ಬಂದ ಪುಸ್ತಕ ಏನು ಹೇಳುತ್ತೋ ಆ ಗ್ರೇಡ್, ಆ ಲೆಕ್ಕ. ಆಯಿಲ್ ಫಿಲ್ಟರ್‌ನೂ ಜೊತೆಗೇ ಬದಲಿಸಿ.

ನಾಲ್ಕನೇದು ಡೀಸೆಲ್. ಕ್ಯಾನಲ್ಲಿ ತಂದಿಟ್ಟ ಡೀಸೆಲ್‌ನಲ್ಲಿ ನೀರು, ಕಸ ಸೇರುತ್ತೆ. ಹಳೇ ಪಂಪಿನ ಎಂಜಿನ್ ಸ್ವಲ್ಪ ಸಹಿಸುತ್ತೆ. ಕಾಮನ್ ರೈಲ್ ಇರೋ ಹೊಸ ಗಾಡಿಗಳಲ್ಲಿ ಡೀಸೆಲ್ ಒತ್ತಡ ಸಾವಿರ ಬಾರ್ ದಾಟುತ್ತೆ. ಒಂದು ಹನಿ ನೀರು, ಒಂದು ಕಣ ಕಸ ಸಾಕು ಇಂಜೆಕ್ಟರ್ ಕೆಡೋಕೆ.

'ಹಳೇ ಎಂಜಿನ್ನೇ ಗಟ್ಟಿ' ಅನ್ನೋದು ನಿಜಾನಾ?

ಅರಳಿ ಕಟ್ಟೆ ಮೇಲೆ ಈ ಮಾತು ಯಾವಾಗಲೂ ಇದ್ದದ್ದೇ. ನನ್ನ ಪ್ರಕಾರ ಅರ್ಧ ನಿಜ. ಹಳೇ ಡೀಸೆಲ್ ಎಂಜಿನ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಮೆಕ್ಯಾನಿಕಲ್ ಪಂಪು, ಕಮ್ಮಿ ಸ್ಪೀಡು. ಕೆಟ್ಟರೆ ಊರಲ್ಲೇ ರಿಪೇರಿ. ಅಂದ್ರೆ ಅವು ಕೆಡ್ತಿರಲಿಲ್ಲ ಅಂತಲ್ಲ, ಕೆಟ್ಟದ್ದು ನಮ್ಮ ಕೈಗೆ ಸಿಗ್ತಿತ್ತು ಅಂತ.

ಹೊಸ ಎಂಜಿನ್‌ಗಳು ಹೊಗೆ ಕಮ್ಮಿ ಉಗುಳ್ತವೆ, ಎಳೆತ ಜಾಸ್ತಿ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಹಿಡಿದ ಮಸಿ ಸುಡೋಕೆ ಅದಕ್ಕೆ ಒಳ್ಳೆ ಬಿಸಿ ಬೇಕು. ಅಂದ್ರೆ ಆಗಾಗ ಹೈವೇಯಲ್ಲಿ ಒಂದು ಲಾಂಗ್ ಓಟ ಬೇಕು. ದಿನಾ ತೋಟದಿಂದ ಊರಿಗೆ ಮೂರು ಕಿಲೋಮೀಟರ್ ಮಾತ್ರ ಓಡಿಸಿದರೆ ಅದು ಕಟ್ಟಿಕೊಳ್ಳುತ್ತೆ. ಹಾಗಾಗಿ ಯಾವ ಎಂಜಿನ್ ಗಟ್ಟಿ ಅಂತ ಕೇಳೋ ಬದಲು, ನನ್ನ ಓಡಾಟಕ್ಕೆ ಯಾವುದು ಹೊಂದುತ್ತೆ ಅಂತ ಕೇಳಿ. ನಮ್ಮ ಮಣ್ಣಿಗೆ ಯಾವ ತಳಿ ಹೊಂದುತ್ತೆ ಅಂತ ಕೇಳಲ್ವಾ, ಹಾಗೆ.

ಬೇರೆ ಎಂಜಿನ್ ಕೂರಿಸೋದು

ಎಂಜಿನ್ ಬದಲಿಸೋದು ನಮ್ಮಲ್ಲಿ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿದರು. ಸಿಜೆ 3ಬಿ ಮಾಡೆಲ್‌ಗೆ ಇದ್ದದ್ದು 2.2 ಲೀಟರ್‌ನ ಹರಿಕೇನ್ ಪೆಟ್ರೋಲ್ ಎಂಜಿನ್. ಪೆಟ್ರೋಲ್ ಖರ್ಚು ತಡೆಯೋಕಾಗದೆ ಎಷ್ಟೋ ಜನ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು. ಮುಂದೆ ಕಂಪನಿಯೇ ಎಂಎಂ 540 ಜೀಪನ್ನು ಪೂಜೋದವರ 2.1 ಲೀಟರ್ ಡೀಸೆಲ್ ಎಂಜಿನ್ ಹಾಕಿ ಮಾರಿತು. ಅಂಬಾಸಿಡರ್ ಕಾರೂ ಅಷ್ಟೇ. ಹಳೇ ಬ್ರಿಟಿಷ್ ವಿನ್ಯಾಸದ 1.5 ಲೀಟರ್ ಎಂಜಿನ್ ಇದ್ದ ಗಾಡಿಗೆ 1990ರ ದಶಕದಲ್ಲಿ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಆದರೆ ಒಂದು ವಿಷಯ ಗಮನಿಸಿ. ಎಂಜಿನ್ ಜೊತೆ ಐದು ಗೇರಿನ ಹೊಸ ಗೇರ್‌ಬಾಕ್ಸನ್ನೂ ಕೊಟ್ಟರು. ಬರೀ ಎಂಜಿನ್ ಎತ್ತಿ ಇಟ್ಟಿದ್ದಲ್ಲ.

ರೀಲ್ಸಲ್ಲಿ ತೋರಿಸದೇ ಇರೋದು ಇದೇ. ಬೇರೆ ಎಂಜಿನ್ ಅಂದ್ರೆ ಮೌಂಟಿಂಗ್ ಬೇರೆ, ಗೇರ್‌ಬಾಕ್ಸಿಗೆ ಕೂಡೋ ಜಾಗ ಬೇರೆ, ಕ್ಲಚ್ ಬೇರೆ. ಎಂಜಿನ್ ಸ್ವಲ್ಪ ಓರೆಯಾಗಿ ಕೂತರೂ ಪ್ರೊಪೆಲ್ಲರ್ ಶಾಫ್ಟ್ ನಡುಗಿ ಕ್ರಾಸ್ ಬೇರಿಂಗ್ ತಿನ್ನುತ್ತೆ. ಎಂಜಿನ್ ಭಾರ ಇದ್ದರೆ ಮುಂದಿನ ಪಟ್ಟಿ ಕೂರುತ್ತೆ. ಶಕ್ತಿ ಹೆಚ್ಚಿದ್ದರೆ ಗೇರ್‌ಬಾಕ್ಸ್, ಆಕ್ಸಲ್ ತಡೀಬೇಕು. ಮುಖ್ಯವಾಗಿ ಬ್ರೇಕ್ ತಡೀಬೇಕು. ನಲವತ್ತರಲ್ಲಿ ಓಡ್ತಿದ್ದ ಗಾಡಿ ಎಂಬತ್ತರಲ್ಲಿ ಓಡುತ್ತೆ, ಬ್ರೇಕ್ ಮಾತ್ರ ಹಳೇದೇ. ಆ ಗಾಡಿಯಲ್ಲಿ ಕೂರೋರು ನಮ್ಮ ಮನೆಯವರೇ ಅನ್ನೋದು ನೆನಪಿರಲಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನು ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹಾಕಿಸೋದಾದರೂ ಮೊದಲೇ ಆರ್‌ಟಿಒ ಅನುಮತಿ ತಗೊಂಡು, ಹೊಸ ಎಂಜಿನ್ ನಂಬರ್ ಆರ್‌ಸಿಗೆ ಸೇರಿಸಬೇಕು.

ಇಲ್ಲೂ ನಾನು ಎಡವಿದೆ. ಗುಜರಿಯವರು ಕೊಟ್ಟದ್ದು ಒಂದು ಬಿಳಿ ಚೀಟಿ. ಬಿಲ್ಲಿಲ್ಲ, ಎಂಜಿನ್ ಯಾವ ಗಾಡಿದು ಅನ್ನೋ ದಾಖಲೆ ಇಲ್ಲ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿ ರಿಜಿಸ್ಟ್ರೇಷನ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಅದಕ್ಕೆ ಹೋದಾಗ ಎಂಜಿನ್ ನಂಬರ್ ಹೊಂದಲಿಲ್ಲ. ದಾಖಲೆ ಹುಡುಕಿ ತರೋಕೆ ಎರಡು ತಿಂಗಳು ಓಡಾಡಿದೆ. ಅಲ್ಲಿಯವರೆಗೆ ಗಾಡಿ ಮನೇಲೇ, ತರಕಾರಿ ಬಾಡಿಗೆ ಆಟೋದಲ್ಲಿ. ಆ ಎಂಜಿನ್ ಕದ್ದ ಗಾಡಿದಾಗಿದ್ದಿದ್ರೆ ನಾನು ಸ್ಟೇಷನ್ ಮೆಟ್ಟಿಲೂ ಹತ್ತಬೇಕಿತ್ತು. ಅಪಘಾತ ಆಗಿದ್ದಿದ್ರೆ ಇನ್ಶೂರೆನ್ಸ್‌ನವರು ಈ ನಂಬರ್ ನೋಡಿಯೇ ತಕರಾರು ತೆಗೀತಿದ್ರು.

ತೀರ್ಮಾನಕ್ಕೆ ಮೊದಲು ಇಷ್ಟು ನೋಡಿ

'ಎಂಜಿನ್ ಹೋಯ್ತು' ಅಂತ ಯಾರಾದ್ರೂ ಹೇಳಿದ ತಕ್ಷಣ ನಂಬಬೇಡಿ. ರೋಗ ಗೊತ್ತಿಲ್ಲದೆ ಔಷಧಿ ಹೊಡೆಯಲ್ಲ ನಾವು. ಇದೂ ಹಾಗೇ.

1. ಹೊಗೆ ಬಣ್ಣ ನೋಡಿ. ನೀಲಿ ಹೊಗೆ ಅಂದ್ರೆ ಆಯಿಲ್ ಸುಡ್ತಿದೆ. ಕಪ್ಪು ಅಂದ್ರೆ ಗಾಳಿ ಸಾಲ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಬೀಳ್ತಿದೆ. ಏರ್ ಫಿಲ್ಟರ್, ಇಂಜೆಕ್ಟರ್ ಮೊದಲು ನೋಡಿಸಿ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದ್ರೆ ನೀರು ಒಳಗೆ ಹೋಗ್ತಿರಬಹುದು ಅಥವಾ ಡೀಸೆಲ್ ಪೂರ್ತಿ ಉರೀತಿಲ್ಲ.

2. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಇದು ಎಂಜಿನ್ ಬದಲಿಸೋ ಕಾಯಿಲೆ ಅಲ್ಲ.

3. ಎಂಜಿನ್ ನಿಧಾನಕ್ಕೆ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಜೋರಾಗಿ ಬುಸ್ ಬುಸ್ ಅಂತ ಹೊಗೆ ಬಂದರೆ ರಿಂಗ್, ಲೈನರ್ ಸವೆದಿರೋ ಸಾಧ್ಯತೆ ಹೆಚ್ಚು.

4. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಲ್ಲಾ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಅಳತೆ ತೋರಿಸಬೇಕು. ಒಂದಕ್ಕೂ ಇನ್ನೊಂದಕ್ಕೂ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಸಿಲಿಂಡರ್ ಬಿಚ್ಚಿ ನೋಡೋದೇ ಸರಿ.

5. ಬಿಚ್ಚಿದ ಮೇಲೂ ಬದಲಿಸೋದು ಕೊನೇ ದಾರಿ. ಲೈನರ್-ಪಿಸ್ಟನ್ ಸೆಟ್, ಬೇರಿಂಗ್, ಹೆಡ್ ಫೇಸಿಂಗ್ ಮಾಡಿಸಿ ನಿಲ್ಲಿಸಬಹುದಾದ ಎಂಜಿನ್‌ಗಳು ಬೇಕಾದಷ್ಟಿವೆ. ಬ್ಲಾಕ್ ಸೀಳಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ, ಸಾಮಾನೇ ಸಿಗದಿದ್ದರೆ ಬದಲಿಸಿ. ಅದೇ ಮಾಡೆಲ್, ಬಿಲ್ಲು, ದಾಖಲೆ, ಆರ್‌ಟಿಒ ಅನುಮತಿ, ನಾಲ್ಕೂ ಇರಲಿ. ಕೂರಿಸೋ ದಿನವೇ ರೇಡಿಯೇಟರ್, ವಾಟರ್ ಪಂಪ್, ಹೋಸ್ ಪೈಪು, ಥರ್ಮೋಸ್ಟಾಟ್, ಟೆಂಪರೇಚರ್ ಮುಳ್ಳು ಎಲ್ಲಾ ಸರಿ ಇರಬೇಕು.

ದಾರಿಯಲ್ಲಿ ಬಿಸಿಯಾದರೆ ತಕ್ಷಣ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ತೆಗೀಬೇಡಿ, ಕೈ ಮುಖ ಸುಡುತ್ತೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳಬಹುದು. ಅರ್ಧ ಗಂಟೆ ಕಾಯಿರಿ. ನಾನು ಅವತ್ತು ಅರ್ಧ ಗಂಟೆ ಕಾದಿದ್ದರೆ ಈ ಲೇಖನ ಬರೆಯೋ ಪ್ರಮೇಯ ಬರ್ತಿರಲಿಲ್ಲ.

ಕೊನೆಗೆ ಲೆಕ್ಕ

ಎರಡನೇ ಸಲ ಗ್ಯಾಸ್ಕೆಟ್ ಕೆಲಸ ಬಿಟ್ಟು, ಮೂಲ ರೋಗಕ್ಕೆ ಆದ ಖರ್ಚು ಬರೆದಿಟ್ಟಿದ್ದೀನಿ. ರೇಡಿಯೇಟರ್ ಬಿಚ್ಚಿ ರಾಡ್ ಹೊಡೆದು ಕ್ಲೀನ್ ಮಾಡಿದ್ದಕ್ಕೆ 3,500. ಥರ್ಮೋಸ್ಟಾಟ್ 600. ಹೋಸ್ ಪೈಪು, ಮುಚ್ಚಳ 1,200. ಟೆಂಪರೇಚರ್ ಮುಳ್ಳಿನ ಸೆನ್ಸರ್ 450. ಕೂಲಂಟ್ 1,400. ಒಟ್ಟು 7,150 ರೂಪಾಯಿ. ಇದನ್ನು ಮೊದಲೇ ಖರ್ಚು ಮಾಡಿದ್ದರೆ 77,500 ಉಳೀತಿತ್ತು, ಆ ಆರು ಮನೆ ಗಿರಾಕಿಗಳೂ ಉಳೀತಿದ್ರು. ಗುಜರಿಗೆ ಕೊಟ್ಟ ಹಳೇ ಎಂಜಿನ್ನಿನ ಬ್ಲಾಕ್ ಚೆನ್ನಾಗೇ ಇತ್ತಂತೆ. ಒಂದು ಸೆಟ್ ಹಾಕಿದ್ರೆ ಇನ್ನೊಂದು ಹತ್ತು ವರ್ಷ ಓಡ್ತಿತ್ತು ಅಂತ ಮೆಕ್ಯಾನಿಕ್ ಈಗಲೂ ಹೇಳ್ತಾರೆ. ಅಪ್ಪ ಅದೇ ಎಂಜಿನ್ನಲ್ಲಿ ನಮ್ಮ ಅಕ್ಕನ ಮದುವೆ ದಿಬ್ಬಣ ಕರ್ಕೊಂಡು ಹೋಗಿದ್ರು. ಅದರ ಬಗ್ಗೆ ಅವರು ಏನೂ ಅಂದಿಲ್ಲ, ನಾನೂ ಕೇಳಿಲ್ಲ.

ಆ ಹುಡುಗನಿಗೆ ನನ್ನ ಉತ್ತರ ಇದು. ತಮ್ಮಾ, ಮೊದಲು ಶೆಡ್ಡಿಗೆ ಹೋಗು. ಗಾಡಿ ತಣ್ಣಗಿದೆಯಲ್ಲ, ರೇಡಿಯೇಟರ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡು. ಏರ್ ಫಿಲ್ಟರ್ ಬಿಚ್ಚು. ಆಯಿಲ್ ಕಡ್ಡಿ ಎಳೆದು ಫೋಟೋ ಕಳಿಸು. ಎಂಜಿನ್ ಯಾಕೆ ನಿಂತಿತು ಅಂತ ಅಪ್ಪನ್ನ ಕೇಳು, ಅವರಿಗೆ ಗೊತ್ತಿರುತ್ತೆ. ಅದಾದ ಮೇಲೆ ದುಡ್ಡಿನ ಮಾತು.

ನೀವೂ ಈ ಭಾನುವಾರ ಒಂದು ಗಂಟೆ ಗಾಡಿಗೆ ಕೊಡಿ. ರೇಡಿಯೇಟರ್‌ನಲ್ಲಿ ಏನು ಕಂಡಿತು ಅಂತ ಬರೆದು ಕಳಿಸಿ. ಮುಂದಿನ ವಾರ ಮತ್ತೆ ತೋಟಕ್ಕೆ ಹೋಗೋಣ.